ಅಳತೆಗೆ ನಿಂತವಳು

ಅಳತೆಗೆ ಇರಲಿ ಎಂದು ಲತಾಮಣಿ ಮನೆಯಿಂದ ಒಂದು ಹಳೆಯ ಗಾಲ್ಫ್ ಕೋಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಗಂಡ ಅಶ್ವಥ್ ಹೊಸ ಸೆಟ್ ಕೊಂಡ ಮೇಲೆ ಮೂಲೆಗಿಟ್ಟ ಕೋಲು ಅದು. ಎರಡು ವರ್ಷದಿಂದ ಅವಳ ಆಟವೆಲ್ಲ ಅದರಲ್ಲೇ. ಬಿಡದಿಯ ಹತ್ತಿರ, ಮೈಸೂರು ರಸ್ತೆಗೆ ಗಾಜಿನ ಮುಖ ಮಾಡಿಕೊಂಡು, ಆಡುವವರ ಮೈಗೆ ತಕ್ಕ ಕೋಲು ಮಾಡಿಕೊಡುತ್ತಿದ್ದ ಫಿಟ್ಟಿಂಗ್ ಅಂಗಡಿಯ ಮೇಜಿನ ಮೇಲೆ ಟವೆಲ್ಲು ಬಿಚ್ಚಿ, "ಇದರ ಅಳತೆಗೇ ಒಂದು ಸೆಟ್ ಆಗಬೇಕಿತ್ತು. ಹಿಡಿ ಮಾತ್ರ ಒಂಚೂರು ಸಣ್ಣ ಇರಲಿ," ಎಂದಳು.

ಮೇಜಿನಾಚೆ ನಿಂತಿದ್ದ ಸಾಬೀರ್ ಕೋಲನ್ನು ಮುಟ್ಟಲೂ ಇಲ್ಲ. ಚನ್ನಪಟ್ಟಣದ ಬೊಂಬೆ ಕೆಲಸದವರ ಮನೆಯವನು, ಬೆಂಗಳೂರಿನಲ್ಲಿ ಈ ವಿದ್ಯೆ ಕಲಿತು ಬಂದವನು ಎಂದು ಅಶ್ವಥ್ ದಾರಿಯುದ್ದಕ್ಕೂ ಅವನ ಗುಣಗಾನ ಮಾಡಿದ್ದ.

"ಇದನ್ನ ಅಳೆದು ನಾನೇನ್ ಮಾಡ್ಲಿ ಮೇಡಂ?" ಎಂದು ಸಾಬೀರ್ ನಕ್ಕ. "ಅಳೀಬೇಕಾಗಿರೋದು ನಿಮ್ಮನ್ನ."

ಅಶ್ವಥ್ ಸೋಫಾದಲ್ಲಿ ಕೂತಾಗಿತ್ತು. "ನಾನು ಬಡಕೊಂಡೆ ಕಣ್ರೀ. ಟೈಲರ್ ಅಂಗಡಿಗೆ ಹಳೇ ಬ್ಲೌಸ್ ಹೊತ್ಕೊಂಡ್ ಹೋದಂಗೆ ಹೊತ್ಕೊಂಡ್ ಬಂದವ್ಳೆ!"

ಮಾತು ಸುಳ್ಳಾಗಿದ್ದರೆ ಅವಳಿಗೆ ಅಷ್ಟು ಚುಚ್ಚುತ್ತಿರಲಿಲ್ಲ. ಹಾರೋಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅವಳು ಗುಣಮಟ್ಟ ವಿಭಾಗದ ಮುಖ್ಯಸ್ಥೆ. ಕಾಲರು, ತೋಳು, ಕಂಕುಳು ಎಂದು ಊರವರ ಅಂಗಿಗಳನ್ನೆಲ್ಲ ಅವಳ ಟೇಪು ಅಳೆದು ಹಾಕಿತ್ತು. ಅವಳ ಮೈಗೆ ಮಾತ್ರ ಟೇಪು ತಾಗಿ ಯಾವ ಕಾಲವಾಗಿತ್ತೋ. ಹೊಸ ಬ್ಲೌಸ್ ಹೊಲಿಸಬೇಕೆಂದರೆ ಹಳೆಯದೊಂದನ್ನು ಪೇಪರ್ ಕವರಿನಲ್ಲಿ ಹಾಕಿ ಟೈಲರ್ ಹಫೀಜಾಳ ಕೈಗೆ ಕೊಟ್ಟುಬಿಡುವುದು. ಹಳೆಯದರ ತೋಳು ಎಲ್ಲಿ ಹಿಡಿಯುತ್ತಿತ್ತೋ ಹೊಸದರದೂ ಅಲ್ಲೇ ಹಿಡಿಯುವುದು. "ಒಂದ್ಸಲ ಮೈ ಅಳತೆ ಕೊಡಕ್ಕಾ, ಹೂವಿನಂಗೆ ಕೂರಂಗೆ ಹೊಲಿತೀನಿ" ಎಂದು ಹಫೀಜಾ ಹೇಳಿ ಹೇಳಿ ಸೋತಿದ್ದಳು.

ಈ ಸಲ ಹಾಗಾಗಬಾರದೆಂದೇ ಲತಾಮಣಿ ಹಟ ಹಿಡಿದಿದ್ದಳು. ಮೊದಲ ಬಾರಿಗೆ ಅವಳದೇ ಒಂದು ಸೆಟ್, ಅವಳದೇ ದುಡ್ಡಿನಲ್ಲಿ. ಅಶ್ವಥನ ಗೆಳೆಯ ಅನಂತರಾಜು, "ಲೇಡೀಸ್ ಸೆಟ್ ರೆಡಿ ಸಿಗ್ತದೆ ಕಣಮ್ಮ, ಬಾಕ್ಸ್ ಒಡಿ, ಆಡು. ಅದಕ್ಕೂ ಜಾತಕ ತೋರಿಸ್ತಾರಾ?" ಎಂದು ಗೇಲಿ ಮಾಡಿದಾಗಲೂ ಅವಳು ಜಗ್ಗಿರಲಿಲ್ಲ. ಕೊಳ್ಳುವ ಮೊದಲು ತಿಳಿದವರ ಹತ್ತಿರ ಕೂತು, ಮೈಗೆ ಒಪ್ಪುವುದನ್ನೇ ಮಾಡಿಸಬೇಕು. ಅಷ್ಟೆಲ್ಲ ಮಾತಾಡಿದವಳು ಕೊನೆಗೆ ಟವೆಲ್ಲಿನಲ್ಲಿ ಹಳೆಯ ಕೋಲು ಸುತ್ತಿಕೊಂಡು ಬಂದಿದ್ದಳು.

ಸಾಬೀರ್ ಅವಳನ್ನು ಗೋಡೆಗೆ ನಿಲ್ಲಿಸಿ ಎತ್ತರ ನೋಡಿದ. ಮಣಿಕಟ್ಟಿನಿಂದ ನೆಲಕ್ಕೆಷ್ಟು ಎಂದು ಅಳೆದ.

"ಮೇಡಂ ನಿಮಗಿಂತ ಎತ್ತರ ಇದ್ದಾರೆ ಸಾರ್."

"ಅದು ಗೊತ್ತಿರೋ ವಿಷ್ಯ. ಮದುವೆ ಫೋಟೋಲಿ ಇವಳನ್ನ ಕೂರಿಸಿ ನನ್ನ ನಿಲ್ಸಿದ್ರು," ಎಂದು ಅಶ್ವಥ್ ಗಟ್ಟಿಯಾಗಿ ನಕ್ಕ. ಅವನಿಗೆ ಅದರಲ್ಲಿ ಸಂಕೋಚವಿರಲಿಲ್ಲ. ಮದುವೆಯಾದಂದಿನಿಂದ ಚಪ್ಪಟೆ ಚಪ್ಪಲಿ ಬಿಟ್ಟು ಬೇರೆ ಹಾಕದವಳು ಅವಳು.

"ಗಿಡ್ಡ ಕೋಲಲ್ಲಿ ಬಗ್ಗಿ ಆಡಿ ಆಡಿ ಸೊಂಟ ನೋವು ಬಂದಿರ್ಬೇಕಲ್ಲ ಮೇಡಂ?"

"ಬರ್ತದೆ, ಬರ್ತದೆ," ಎಂದ ಅಶ್ವಥ್. "ರಾತ್ರಿ ಮುಲಾಮು ಹಚ್ಕೋತಾಳೆ."

"ಬಾಲ್ ಹೆಚ್ಚಾಗಿ ಯಾವ ಕಡೆ ಹೋಗತ್ತೆ?"

ಲತಾಮಣಿ ಬಾಯಿ ತೆರೆಯುವಷ್ಟರಲ್ಲಿ ಉತ್ತರ ಸೋಫಾದಿಂದಲೇ ಬಂತು. "ಬಲಕ್ಕೆ. ದೂರಾನೂ ಹೋಗಲ್ಲ. ಶಕ್ತಿ ಸಾಲ್ದು."

ಹಾಗಲ್ಲ ಎನ್ನಬೇಕೆನಿಸಿತು. ಮನೆಯ ಹಿಂದಿನ ಮಾವಿನ ತೋಪಿನಲ್ಲಿ ಒಬ್ಬಳೇ ಇರುವಾಗ ಚೆಂಡು ಬಲಕ್ಕೂ ಹೋಗುತ್ತಿರಲಿಲ್ಲ, ಎಡಕ್ಕೂ ಹೋಗುತ್ತಿರಲಿಲ್ಲ. ಸಾಲಿನ ಕೊನೆಯ ಹಲಸಿನ ಮರಕ್ಕೆ ನೇರ ಹೋಗಿ ಧಡ್ಡೆಂದು ಬಡಿಯುತ್ತಿತ್ತು. ಆದರೆ ಅದನ್ನು ಕಂಡವರು ಯಾರು? ಅಶ್ವಥ್ ನೋಡಿದ್ದೆಲ್ಲ ಬಲಕ್ಕೆ ಹೋದ ಚೆಂಡುಗಳೇ. ಅವನು ಸುಳ್ಳು ಹೇಳುತ್ತಿರಲಿಲ್ಲ.

ಸಾಬೀರ್ ಅವಳನ್ನು ಚೆಂಡು ತಡೆಯುವ ಬಲೆಯ ಮುಂದೆ ನಿಲ್ಲಿಸಿದ. ಚೆಂಡಿನ ಪಕ್ಕದಲ್ಲಿ ಒಂದು ಪುಟ್ಟ ಪೆಟ್ಟಿಗೆ; ಹೊಡೆದ ಕೂಡಲೇ ಕೋಲು ಬೀಸಿದ ವೇಗ ಗಂಟೆಗೆ ಇಷ್ಟು ಮೈಲಿ ಎಂದು ಗೋಡೆಯ ಪರದೆಯ ಮೇಲೆ ಮೂಡುತ್ತದೆ. ವೇಗ ಕಡಿಮೆಯಿದ್ದವರ ಕೋಲಿಗೆ ಬಳುಕುವ ದಂಡ, ಹೆಚ್ಚಿದ್ದವರದಕ್ಕೆ ಬಿಗಿಯಾದ ದಂಡ. ಅದು ತಪ್ಪಿದರೆ ಎಷ್ಟು ದುಡ್ಡು ಸುರಿದರೂ ಚೆಂಡು ಹೇಳಿದ ಮಾತು ಕೇಳುವುದಿಲ್ಲ ಎಂದು ವಿವರಿಸಿದ. "ನೀವು ದಿನಾ ಹೆಂಗೆ ಹೊಡೀತೀರೋ ಹಂಗೇ ಹೊಡೀರಿ. ಅಷ್ಟು ಸಾಕು ನಂಗೆ."

"ಆರಾಮಾಗಿ ಹೊಡಿ ಲತಾ. ಜೋರ್ ಮಾಡಕ್ಕೋಗ್ಬೇಡ," ಎಂದು ಹಿಂದಿನಿಂದ ಟೀ ಗುಟುಕರಿಸುವ ಸದ್ದಿನೊಡನೆ ಗಂಡನ ದನಿ ಬಂತು.

ಅವಳು ಕೋಲೆತ್ತಿದಳು. ಭುಜದ ಮಟ್ಟಕ್ಕೆ ಬಂದಾಗ ಕೈ ತಾನೇ ನಿಂತಿತು, ಯಾರೋ ಮೊಣಕೈ ಹಿಡಿದಂತೆ. ಅಲ್ಲಿಂದಲೇ ಇಳಿಸಿದಳು. ಟಪ್. ಪರದೆಯ ಮೇಲೆ ಅರವತ್ತು. ಮತ್ತೆ ಹೊಡೆದಳು. ಅರವತ್ತೊಂದು. ಮತ್ತೆ ಮತ್ತೆ ಹೊಡೆದರೂ ಅದೇ ಅರವತ್ತರ ಆಚೀಚೆ. ಪ್ರತಿ ಸಲವೂ ಈ ಸಲ ಪೂರ್ತಿ ಎತ್ತುತ್ತೇನೆ ಎಂದುಕೊಳ್ಳುವುದು, ಪ್ರತಿ ಸಲವೂ ಕೈ ಅಲ್ಲೇ ನಿಲ್ಲುವುದು.

"ಒಂದೇ ಸಮ ಬರ್ತಿದೆ, ಒಳ್ಳೇದೇ," ಎಂದ ಸಾಬೀರ್. "ಲೇಡೀಸ್ ದಂಡ, ಅದರಲ್ಲೂ ತುಂಬಾ ಬಳುಕೋದು ಹಾಕೋಣ. ನಿಮ್ಮ ಎತ್ತರಕ್ಕೆ ಒಸಿ ಉದ್ದ ಬಿಟ್ಟು ಕತ್ತರಿಸ್ತೀನಿ. ಸೋಮವಾರ ಕತ್ತರಿಸೋದು. ಅಷ್ಟರೊಳಗೆ ಏನಾದ್ರೂ ಇದ್ರೆ ಹೇಳಿ ಮೇಡಂ, ಕತ್ತರಿಸಿದ್ಮೇಲೆ ವಾಪಸ್ ಇಲ್ಲ."

"ಏನೂ ಇಲ್ಲ, ಕತ್ತರಿಸಿ," ಎಂದು ಅಶ್ವಥ್ ಎದ್ದು ನಿಂತ.

ಕಾರು ರಾಮನಗರದ ಕಡೆ ತಿರುಗಿದ ಮೇಲೆ ಲತಾಮಣಿ ಹೇಳಿದಳು, "ಅದು ನನ್ನ ಅಳತೆ ಅಲ್ಲ ಕಣ್ರೀ."

"ಯಾವ್ದು?"

"ಆ ಅರವತ್ತು."

"ಮತ್ತೆ ಯಾರ್ದು, ನಂದಾ?" ಅಶ್ವಥ್ ನಿಜಕ್ಕೂ ಗೊಂದಲಗೊಂಡಿದ್ದ. "ಕಣ್ಣೆದುರಿಗೇ ಬಂತಲ್ಲ. ಆ ಮಿಷಿನ್‌ಗೇನ್ ನಿನ್ ಮೇಲೆ ಹಗೆಯಾ?"

"ನಾನು ಸರಿಯಾಗಿ ಹೊಡೀಲಿಲ್ಲ."

"ಯಾಕ್ ಹೊಡೀಲಿಲ್ಲ? ಯಾರಾರ ಕೈ ಹಿಡ್ಕೊಂಡಿದ್ರಾ? ನೀನೇ ಫಿಟ್ಟಿಂಗ್ ಫಿಟ್ಟಿಂಗ್ ಅಂತ ತಲೆ ತಿಂದೆ. ಅನಂತು ನಗ್ತಾನೆ ಅಂದ್ರೂ ಕರ್ಕೊಂಡ್ ಬಂದೆ. ಈಗ ಹಿಂಗಂತೀಯ."

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ನೀವು ನೋಡುತ್ತಿದ್ದಿರಿ, ಅದಕ್ಕೇ. ಹಾಗೆಂದರೆ, "ನಾನೇನ್ ಹೊರಗಿನೋನಾ?" ಎಂದು ಅವನು ನೊಂದುಕೊಳ್ಳುತ್ತಾನೆ. ಅವನು ಒಳ್ಳೆಯವನು. ಅವಳನ್ನು ಗಾಲ್ಫ್ ಮೈದಾನಕ್ಕೆ ಕರೆದೊಯ್ದವನೂ ಅವನೇ, ಕೋಲು ಹಿಡಿಯಲು ಕಲಿಸಿದವನೂ ಅವನೇ. ಕೆಟ್ಟವನಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ಅವಳಿಗೆ ನೆನಪಿದ್ದದ್ದು ಒಂದು ಭಾನುವಾರ. ಆಟ ಕಲಿತ ಹೊಸತರಲ್ಲಿ, ಗಂಡನ ಲೇಔಟ್ ವ್ಯವಹಾರದ ಗೆಳೆಯರೆಲ್ಲ ಸೇರಿದ್ದಾಗ, ಅವಳು ಯೋಚನೆ ಮಾಡದೆ ಬೀಸಿದ ಚೆಂಡು ಅಶ್ವಥನ ಚೆಂಡನ್ನು ದಾಟಿ ಹೋಗಿ ಬಿದ್ದಿತ್ತು. ಎಲ್ಲರೂ ಆ ಚೆಂಡಿನ ಕಡೆ ತಿರುಗಿ ನೋಡಿದರು. ಆಮೇಲೆ ಅನಂತರಾಜು, "ಲೇ ಅಶ್ವಥ್, ಮನೇಲಿ ಒಸಿ ಹುಷಾರಾಗಿರ್ಲಾ! ಏನಾರ ಎದುರು ಮಾತಾಡಿದ್ರೆ ಬೀಸ್ಬುಟ್ಟಾಳು!" ಎಂದಿದ್ದ. ಎಲ್ಲರೂ ನಕ್ಕರು. ಅಶ್ವಥನೂ ನಕ್ಕ, ಎಲ್ಲರಿಗಿಂತ ಜೋರಾಗಿ. ಮನೆಗೆ ಬರುವಷ್ಟರಲ್ಲಿ ಅವನದನ್ನು ಮರೆತಿದ್ದ. ಅವಳ ಕೈ ಮಾತ್ರ ಅಂದಿನಿಂದ ಭುಜದ ಹತ್ತಿರ ಬಂದು ನಿಲ್ಲತೊಡಗಿತ್ತು.

ಮನೆಯಲ್ಲಿ ಅತ್ತೆ ಕೆಂಚಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮಗನನ್ನು ಕಂಡವರೇ ಕೇಳಿದರು, "ಅದೇನ್ಲಾ ಮಗಾ, ನಿನ್ನೆಂಡ್ರು ಕ್ಲಬ್ ತಕ್ಕತಾವ್ಳಂತೆ?"

"ಹೂಂ ಕಣವ್ವ."

"ನಿಮ್ಮಪ್ಪ ಕ್ಲಬ್ಬಿಗೆ ಓಯ್ತಾ ಓಯ್ತಾನೇ ಗದ್ದೆ ಕಳದ, ಇಸ್ಪೀಟು ಮನೆ ಹಾಳು. ಈಗ ಸೊಸೆ ಕ್ಲಬ್ಬನ್ನೇ ಮನೆಗೆ ತತ್ತಾಳಾ? ಊರೋರೆಲ್ಲ ಇಲ್ಲೇ ಬಂದು ಎಲೆ ಕಲಸ್ತಾರಾ?"

"ಅಯ್ಯೋ, ಆ ಕ್ಲಬ್ಬಲ್ಲ ಕಣವ್ವ! ಆಡೋ ಕೋಲಿಗೂ ಕ್ಲಬ್ ಅಂತಾರೆ."

"ಕೋಲಿಗೆ ಕೋಲು ಅನ್ನಕ್ಕೇನ್ ದಾಡಿ?" ಎಂದು ಅತ್ತೆ ಸಿಪ್ಪೆಯನ್ನು ಕುಕ್ಕೆಗೆ ಎಸೆದರು. ಅಶ್ವಥ್ ಹೊಟ್ಟೆ ಹಿಡಿದು ನಕ್ಕ. ಬೇರೆ ದಿನವಾಗಿದ್ದರೆ ಲತಾಮಣಿಯೂ ನಗುತ್ತಿದ್ದಳು.

ಮರುದಿನ ಬೆಳಗ್ಗೆ ಹಳೆಯ ಕೋಲು ಹಿಡಿದು ತೋಪಿಗೆ ಹೋದಳು. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಚೆಂಡಿಟ್ಟು ಬೀಸಿದಳು. ಕೋಲು ತಲೆಯ ಮೇಲೆ ಪೂರ್ತಿ ಸುತ್ತು ಹಾಕಿ ಇಳಿಯಿತು. ಬೆನ್ನು, ತೊಡೆ, ಹಿಮ್ಮಡಿ ಎಲ್ಲ ಒಟ್ಟಿಗೆ ತಿರುಗಿದವು. ಹಲಸಿನ ಮರ ಧಡ್ಡೆಂದಿತು. ಇನ್ನೊಂದು, ಮತ್ತೊಂದು. ಇದು ಅರವತ್ತಲ್ಲ ಎಂದು ಹೇಳಲು ಅವಳಿಗೆ ಯಾವ ಮಿಷನ್ನೂ ಬೇಕಿರಲಿಲ್ಲ. ಬೇಕಾಗಿದ್ದದ್ದು ಸಾಬೀರನಿಗೆ. ಸೋಮವಾರ ಅವನು ಆ ಬಳುಕುವ ದಂಡಗಳನ್ನು ಕತ್ತರಿಸಿಬಿಟ್ಟರೆ, ಈ ತೋಪಿನಲ್ಲಿ ಕೂಡ ಅವಳಿಗೆ ಈ ಹೊಡೆತ ಸಿಗದು. ಬೀಸಿದಷ್ಟೂ ದಂಡ ಬಾಗಿ ಚೆಂಡು ಎಲ್ಲೆಲ್ಲಿಗೋ ಚೆಲ್ಲಾಡುತ್ತದೆ. ಹೊಸ ಕೋಲಿಗಾಗಿ ಅವಳು ಎಲ್ಲ ಕಡೆಯೂ ಸಣ್ಣಗೆ ಬೀಸುವುದನ್ನೇ ಕಲಿಯಬೇಕಾಗುತ್ತದೆ.

ಹಿತ್ತಲಲ್ಲಿ ಅತ್ತೆಯ ಕೆಮ್ಮು ಕೇಳಿಸಿತು. ಲತಾಮಣಿ ಕೋಲನ್ನು ಮರಕ್ಕೆ ಒರಗಿಸಿ ಉದುರಿದ ಎಲೆ ಗುಡ್ಡೆ ಮಾಡುವವಳಂತೆ ಬಗ್ಗಿದಳು.

ಶನಿವಾರ ಅರ್ಧ ದಿನ ರಜೆ ಹಾಕಿ, ಹಾರೋಹಳ್ಳಿಯಿಂದ ಸ್ಕೂಟರಿನಲ್ಲಿ ಒಬ್ಬಳೇ ಬಿಡದಿಗೆ ಹೊರಟಳು. ಗಂಡನಿಗೆ ಬೆಳಗ್ಗೆಯೇ ಹೇಳಿದ್ದಳು. "ನಾನೂ ಬತ್ತೀನಿ ತಾಳು," ಎಂದಿದ್ದ. "ಬೇಡ, ನಿಮಗೆ ಮಾಗಡಿಲಿ ಕೆಲಸ ಐತಲ್ಲ," ಎಂದು ತಪ್ಪಿಸಿದ್ದಳು. ದಾರಿಯುದ್ದಕ್ಕೂ ಜಲ್ಲಿ ಲಾರಿಗಳ ಹಿಂದೆ ಧೂಳು ಕುಡಿಯುತ್ತ, ಸೋಫಾ ಖಾಲಿ ಇರುತ್ತದೆ, ಸೋಫಾ ಖಾಲಿ ಇರುತ್ತದೆ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು.

ಸೋಫಾ ಖಾಲಿ ಇತ್ತು. ಪಕ್ಕದ ಬಲೆಯಲ್ಲಿ, ನಡುವಿನ ದಪ್ಪ ಬಟ್ಟೆಯ ತೆರೆಯಾಚೆ, ಯಾರೋ ಗಂಡಸೊಬ್ಬರು ಹೊಡೆಯುತ್ತಿದ್ದ ಸದ್ದು ಬಿಟ್ಟರೆ ಅಂಗಡಿ ಶಾಂತವಾಗಿತ್ತು.

"ಇನ್ನೊಂದ್ಸಲ ನೋಡ್ತೀರಾ?" ಎಂದು ಕೇಳಿದಳು.

"ಅದಕ್ಕೇನಂತೆ ಮೇಡಂ. ಈಗ್ಲೇ ಅನುಮಾನ ತೀರಿಸ್ಕೊಂಡ್ರೆ ಇಬ್ಬರಿಗೂ ಒಳ್ಳೇದು." ಸಾಬೀರ್ ಒಂದು ಕೋಲು ಕೊಟ್ಟು, ಚೆಂಡಿಟ್ಟು, ಎದೆಯ ಮೇಲೆ ಕೈಕಟ್ಟಿ, ಎರಡು ಹೆಜ್ಜೆ ಹಿಂದೆ ನಿಂತ.

ಅವಳು ಕೋಲೆತ್ತಿದಳು. ಭುಜದ ಹತ್ತಿರ ಕೈ ನಿಂತಿತು.

ಅರವತ್ತು.

ಲತಾಮಣಿ ಪರದೆಯನ್ನೇ ನೋಡಿದಳು. ಮತ್ತೆ ಹೊಡೆದಳು. ಅರವತ್ತೆರಡು. ಮತ್ತೆ. ಐವತ್ತೊಂಬತ್ತು. ಕಿವಿ ಬಿಸಿಯಾಯಿತು. ಇಷ್ಟು ದಿನ ಎಲ್ಲವನ್ನೂ ಗಂಡನ ಟೀ ಕಪ್ಪಿನ ಮೇಲೆ, ಅನಂತರಾಜುವಿನ ಬಾಯಿಯ ಮೇಲೆ ಹೊರಿಸಿ ಆರಾಮಾಗಿದ್ದಳು. ಇಲ್ಲಿ ಅಶ್ವಥ್ ಇಲ್ಲ. ಅನಂತರಾಜು ಇಲ್ಲ. ಸಂಬಂಧವೇ ಇಲ್ಲದ ಒಬ್ಬ ಅಂಗಡಿಯವನ ಎರಡು ಕಣ್ಣಿಗೆ ಕೂಡ ಅವಳ ಕೈ ಶರಣಾಗುತ್ತಿತ್ತು.

ಹೈಸ್ಕೂಲಿನಲ್ಲಿದ್ದಾಗ ಅಳತೆ ಕೊಡಲು ನಿಂತ ದಿನ ನೆನಪಾಯಿತು. ಟೇಪು ಎದೆಯ ಸುತ್ತ ಬಂದಾಗ ಅವ್ವ ಪಕ್ಕದಿಂದ, "ಉಸುರು ಒಳಕ್ಕೆಳ್ಕೊ, ಸೆಟೆದು ನಿಂತ್ಕೊಬೇಡ" ಎಂದಿದ್ದಳು. ಎಳೆದುಕೊಂಡಿದ್ದಳು. ಹೊಲಿದು ಬಂದ ಬ್ಲೌಸಿನಲ್ಲಿ ಉಸಿರಾಡಲು ಜಾಗವಿರಲಿಲ್ಲ. ಟೈಲರನ್ನು ಬೈದದ್ದೂ ಅವ್ವನೇ. ಅಂದು ಅವ್ವ ಹೇಳಿಕೊಟ್ಟದ್ದನ್ನು ಮೈ ಎಷ್ಟು ಶ್ರದ್ಧೆಯಿಂದ ಕಲಿತಿತ್ತೆಂದರೆ, ಈಗ ಹೇಳಿಕೊಡಲು ಪಕ್ಕದಲ್ಲಿ ಯಾರೂ ಬೇಕಿರಲಿಲ್ಲ. ಅವಳಿಗೆ ಅಳು ಬರಲಿಲ್ಲ. ತನ್ನ ಮೇಲೇ ಕೆಟ್ಟ ಸಿಟ್ಟು ಬಂತು.

"ಅದೇ ಮೇಡಂ," ಎಂದ ಸಾಬೀರ್ ಮೃದುವಾಗಿ. "ನಮ್ ಮೊದಲ ಲೆಕ್ಕ ಸರಿಯಾಗೇ ಇದೆ." ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಹೆಸರು ನೋಡಿ ನಕ್ಕ. "ನಿಮ್ ಸಾರು!"

ಪಕ್ಕದವರ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡು ಅವನು ಗಾಜಿನ ಕಡೆ ತಿರುಗಿ ನಿಂತ. "ಹಾಂ ಸಾರ್, ಇಲ್ಲೇ ಇದ್ದಾರೆ ಮೇಡಂ... ನೋಡಿದೆ ಸಾರ್, ಅದೇ ಬರ್ತಿದೆ... ಇಲ್ಲ ಇಲ್ಲ, ಏನ್ ನಾಚಿಕೆ ಸಾರ್ ಅದ್ರಲ್ಲಿ, ಹೆಂಗಸರಿಗೆ ಅಷ್ಟೇ ಇರೋದು... ಆಯ್ತು ಸಾರ್, ಸೋಮವಾರ ಕತ್ತರಿಸಿಬಿಡ್ತೀನಿ, ನೀವ್ ಯೋಚ್ನೆ ಮಾಡ್ಬೇಡಿ."

ಯೋಚನೆ ಮಾಡಬೇಡಿ! ಅವಳ ಕೋಲು, ಅವಳ ಮೈ, ಅವಳ ಅರ್ಧ ದಿನದ ರಜೆ. ಮಾತುಕತೆ ಮಾತ್ರ ಮಾಗಡಿಗೂ ಬಿಡದಿಗೂ ನಡುವೆ ನಡೆದು ಮುಗಿದಿತ್ತು. ಒಂದು ಚೆಂಡು ಕಾಲ ಬಳಿ ಇತ್ತು. ಯಾರೂ ನೋಡುತ್ತಿರಲಿಲ್ಲ. ಲತಾಮಣಿ ಬೀಸಿದಳು. ಕೋಲು ತಲೆಯ ಹಿಂದಿನಿಂದ ಸುತ್ತಿ ಬಂದು, ಚೆಂಡು ಬಲೆಗೆ ಬಡಿದು, ಬಲೆ ಗೋಡೆಗೆ ಬಡಿಯಿತು.

ಎಪ್ಪತ್ತೆಂಟು.

ಸಾಬೀರ್ ಫೋನು ಜೇಬಿಗಿಡುತ್ತ ತಿರುಗಿದ. ಪರದೆ ನೋಡಿ ಹುಬ್ಬು ಗಂಟಿಕ್ಕಿದ. "ಥತ್, ಪಕ್ಕದ ಸಾರ್ ಹೊಡೆದದ್ದು ಇದು ಹಿಡ್ಕೊಂಡಿದೆ. ಒಂದೊಂದ್ಸಲ ಹಿಂಗಾಗತ್ತೆ," ಎಂದು ಅವಳು ಬಾಯಿ ತೆರೆಯುವ ಮೊದಲೇ ಗುಂಡಿ ಒತ್ತಿ ಅಳಿಸಿಬಿಟ್ಟ. ಪರದೆ ಖಾಲಿಯಾಯಿತು.

"ಅದು ನಂದು," ಎಂದಳು ಲತಾಮಣಿ.

"ಏನ್ ಮೇಡಂ?"

"ಎಪ್ಪತ್ತೆಂಟು. ನಾನು ಹೊಡೆದದ್ದು."

ಸಾಬೀರನ ಮುಖದಲ್ಲಿ ಗಿರಾಕಿಯ ಮನಸ್ಸು ನೋಯಿಸಬಾರದೆನ್ನುವ ನಗು ಮೂಡಿತು. ಅವಳಿಗೆ ತುಂಬ ಪರಿಚಯದ ನಗು ಅದು. "ಇರಬಹುದು ಮೇಡಂ. ಆದ್ರೆ ಅರವತ್ತರಿಂದ ಒಂದೇ ಏಟಿಗೆ ಎಪ್ಪತ್ತೆಂಟಕ್ಕೆ ಯಾರೂ ಹೋಗಲ್ಲ. ಮಿಷನ್ನೇ ತಪ್ಪಿರತ್ತೆ."

"ಮಿಷನ್ ತಪ್ಪಿಲ್ಲ. ಮೊದಲಿನವೆಲ್ಲ ತಪ್ಪು." ದನಿ ಏರಿದ್ದು ಅವಳಿಗೇ ಕೇಳಿಸಿತು. ತೆರೆಯಾಚೆಯ ಸದ್ದು ನಿಂತಿತು. ಅಲ್ಲಿದ್ದವರು ಕುತ್ತಿಗೆ ಚಾಚಿ ನೋಡಿದರು. ಹೊಟ್ಟೆ ಮುಂದಾದ, ಟೋಪಿ ಹಾಕಿದ ಒಬ್ಬ ಯಜಮಾನರು. ಈಗ ನಾಲ್ಕು ಕಣ್ಣು.

"ಹಂಗಾದ್ರೆ ಇನ್ನೊಂದ್ಸಲ ಹೊಡೀರಿ ಮೇಡಂ," ಎಂದ ಸಾಬೀರ್. ಸವಾಲು ಹಾಕಿದ್ದಲ್ಲ, ಬೇಗ ಮುಗಿದರೆ ಸಾಕು ಎನ್ನುವ ದನಿ. "ಬಂದ್ರೆ ಬೇರೆ ದಂಡ ತೆಗೀತೀನಿ. ಬರಲಿಲ್ಲ ಅಂದ್ರೆ ಸೋಮವಾರ ಕತ್ತರಿಸ್ತೀನಿ."

ಅವಳು ಚೆಂಡಿನ ಮುಂದೆ ನಿಂತಳು. ಆ ಕಡೆ ತಿರುಗಿ ನಿಲ್ಲಿ ಎಂದು ಕೇಳಬಹುದಿತ್ತು. ಅವನು ತಿರುಗುತ್ತಿದ್ದ; ಒಳ್ಳೆಯ ಮನುಷ್ಯನೇ. ಆದರೆ ತಿರುಗಿ ನಿಂತವನು ತಾನು ಕಾಣದ ಹೊಡೆತವನ್ನು ನಂಬುವುದು ಹೇಗೆ? ಕೋಲು ಎತ್ತಿದಳು. ಭುಜದ ಹತ್ತಿರ ಬಂದಾಗ ಕೈ ಅಭ್ಯಾಸದಂತೆ ನಿಲ್ಲಲು ನೋಡಿತು. ಹಲ್ಲು ಕಚ್ಚಿ ಅದನ್ನು ಅಲ್ಲಿಂದ ಮೇಲಕ್ಕೆ ತಳ್ಳಿದಳು, ಕಿಲುಬು ಹಿಡಿದ ಚಿಲಕ ತೆಗೆಯುವಂತೆ. ಬೀಸಿದಳು.

ಹೊಡೆತ ಕೆಟ್ಟಿತು. ಕೋಲಿನ ಅಂಚು ಚೆಂಡಿನ ತಲೆಗೆ ತಾಗಿ, ಚೆಂಡು ನಾಚಿಕೆಗೆಟ್ಟ ಹಾಗೆ ಉರುಳಿಕೊಂಡು ಹೋಗಿ ಬಲೆಯ ಬುಡದಲ್ಲಿ ನಿಂತಿತು. ಟೋಪಿಯ ಯಜಮಾನರು "ಅಯ್ಯಯ್ಯೋ" ಎಂದು ಲೊಚಗುಟ್ಟಿದರು. ಲತಾಮಣಿಯ ಮುಖಕ್ಕೆ ರಕ್ತ ನುಗ್ಗಿತು. ತಲೆ ತಗ್ಗಿಸಲಿಲ್ಲ, ಅಷ್ಟೇ.

ಸಾಬೀರ್ ನೋಡುತ್ತಿದ್ದದ್ದು ಚೆಂಡನ್ನಲ್ಲ. ಪರದೆಯ ಮೇಲೆ ಎಪ್ಪತ್ತೇಳು ಎಂದಿತ್ತು.

"ಬಾಲ್ ಹೋದ್ರೆ ಹೋಯ್ತು," ಎಂದ ಕೊನೆಗೆ, ಮೆಲ್ಲಗೆ. "ವೇಗ ಇದೆ ಮೇಡಂ." ಗೋಡೆಯ ಸ್ಟ್ಯಾಂಡಿನ ಹತ್ತಿರ ಹೋಗಿ, ಲೇಡೀಸ್ ಸಾಲನ್ನು ದಾಟಿ, ಆಚೆಯ ಸಾಲಿನಿಂದ ಕಪ್ಪು ದಂಡದ ಕೋಲೊಂದನ್ನು ತೆಗೆದ. "ಇದು ಗಂಡಸರ..." ಎಂದು ಶುರು ಮಾಡಿ ನಿಲ್ಲಿಸಿದ. "ಇದು ಬಿಗಿ ಇರೋದು."

ಅದನ್ನು ಅವಳ ಕೈಗೆ ಕೊಡುತ್ತ ತಲೆ ಕೆರೆದುಕೊಂಡ. "ಮೊದಲನೇ ದಿನಾನೇ ಹಿಂಗೆ ಹೊಡೆದಿದ್ರೆ ಇಷ್ಟೊಂದು ಓಡಾಟಾನೇ ಇರ್ತಿರ್ಲಿಲ್ಲ ಅಲ್ವಾ ಮೇಡಂ?"

ಅವಳು ಆ ಕೋಲು ಹಿಡಿದು ಬಲೆಯ ಮುಂದಕ್ಕೆ ಮರಳಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಯಜಮಾನರು ಇನ್ನೂ ಕುತ್ತಿಗೆ ಚಾಚಿಕೊಂಡೇ ಇದ್ದರು.

"ಬಾಲ್ ಇಡಿ," ಎಂದಳು ಲತಾಮಣಿ.